ಟೆಸ್ಟಿಂಗ್ ಡಿಸ್ಕು

ಎಸ್‌ಪಿ ರೋಡಿನ ಸಂದಿಯೊಳಗೊಂದು ಸಂದಿ,
ಅಲ್ಲಿ ಜಬೀವುಲ್ಲಾ ಸಾಹೇಬರ ರಿಪೇರಿ ಅಂಗಡಿ.
ನಾನು ಸೇರಿದ್ದು ಹದಿನೇಳಕ್ಕೆ, ಬೆಸುಗೆ ಹಾಕಲು.
ಅವರು ಮೊದಲು ಕೈಗೆ ಕೊಟ್ಟದ್ದು ಸಾಲ್ಡರಿಂಗ್ ಕಡ್ಡಿಯಲ್ಲ,
ಒಂದು ಡಿಸ್ಕು.
ಮೇಲಿನ ಹೆಸರು ಅಳಿಸಿಹೋಗಿತ್ತು,
ಮಾರ್ಕರಿನಲ್ಲಿ ಬರೆದಿತ್ತು: ಟೆಸ್ಟಿಂಗ್.

ಅದೊಂದು ಹಿಂದಿ ಕಾಮಿಡಿ.
ಯಾರು ತೆಗೆದರೋ, ಯಾರ ದುಡ್ಡೋ,
ದುಡ್ಡು ಅನ್ನುವುದು ಇತ್ತೋ ಇಲ್ಲವೋ.
ಮೂರು ಮನೆಗೂ ಒಂದೇ ಸೋಫಾ, ಕವರು ಬೇರೆ.
ಬಾಗಿಲು ಬಡಿದರೆ ಗೋಡೆ ಬಳುಕುತ್ತಿತ್ತು.
ಇನ್ಸ್‌ಪೆಕ್ಟರನ ಮೀಸೆ ಸೆಖೆಗೆ ಒಂದು ಕಡೆ ಬಿಟ್ಟುಕೊಂಡು
ಅವನಿಗಿಂತ ಮೊದಲು ಸಲಾಮು ಹೊಡೆಯುತ್ತಿತ್ತು.
ಕಥೆ ಇಷ್ಟು: ಇಬ್ಬರು ಅಣ್ಣತಮ್ಮಂದಿರು
ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಂದು ಮೇಕೆ ಬಚ್ಚಿಡಬೇಕು.
ಯಾಕೆ ಅಂತ ಕೇಳಬೇಡಿ, ಅದನ್ನು ಹೇಳುವ ಹೊತ್ತಿಗೆ
ಯಾವಾಗಲೂ ಯಾರೋ ಗಿರಾಕಿ ಬಂದಿರುತ್ತಿದ್ದರು.
ಮೆಟ್ಟಿಲು ಹತ್ತುವಾಗ ಮೇಕೆ ಬಿಳಿ,
ಬಾಗಿಲು ದಾಟಿದರೆ ಕಂದು.

ಹದಿನೇಳನೇ ನಿಮಿಷಕ್ಕೆ ಡಿಸ್ಕಿನಲ್ಲೊಂದು ಗೀರು.
ಲಿಫ್ಟು ತೆರೆಯುತ್ತೆ, ಸೊಸೈಟಿ ಸೆಕ್ರೆಟರಿ ಹೆಂಗಸು
ಮೂಗು ಅರಳಿಸಿ, 'ಈ ವಾಸನೆ...' ಅನ್ನುತ್ತಾಳೆ,
ಅಷ್ಟಕ್ಕೆ ಅವಳ ಮುಖ ಚೌಕ ಚೌಕವಾಗಿ ಒಡೆಯುತ್ತೆ.
ಅದನ್ನು ದಾಟಿದ ಮಿಷನ್ನು ಪಾಸು.
ದಾಟದ್ದು ಮತ್ತೆ ಟೇಬಲ್ಲಿಗೆ.
ದಾಟಿದ ಕೂಡಲೇ ಸಾಹೇಬರು ನಿಲ್ಲಿಸಿ ಬಿಲ್ಲು ಬರೆಯುತ್ತಿದ್ದರು.
ಎಷ್ಟೋ ವರ್ಷ.
ಆಮೇಲೆ ಆ ಅಣ್ಣತಮ್ಮಂದಿರ ಗತಿ ಏನಾಯಿತು,
ನಮಗೆ ಗೊತ್ತಿಲ್ಲ.

ತಿಗಳರಪೇಟೆಯ ಹೂವಿನ ಪಿಳ್ಳಮ್ಮನಿಗೆ
ಹಿಂದಿ ಅಂದರೆ 'ಕಿತ್ನಾ' ಒಂದೇ.
ಮೀಸೆ ಬಿಡುವ ಮೊದಲೇ ಅವಳ ನಗು ಶುರು.
ಸೇಟು ಅಂಗಡಿಯ ಲೆಕ್ಕದವ ಘೇವರಚಂದ,
ಅಪ್ಪ ತೀರಿದ ವಾರ, ಬೋಳಿಸಿದ ತಲೆಯಲ್ಲಿ
ಟೇಪ್‌ರೆಕಾರ್ಡರು ಬಿಟ್ಟುಹೋಗಲು ಬಂದವನು
ಮೇಕೆ ಫ್ರಿಜ್ಜಿನ ಬಾಗಿಲು ತೆರೆದದ್ದು ನೋಡಿ
ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ.
ಅತ್ತನೋ ನಕ್ಕನೋ, ಸಂದಿಯ ತುಂಬ ಹಾರ್ನು, ಕೇಳಿಸಲಿಲ್ಲ.
ಮರುದಿನ ಬಂದು 'ಇನ್ನೊಂದು ಸಲ ಹಾಕಿ' ಅಂದ.

ದೊಡ್ಡ ಪಿಕ್ಚರುಗಳನ್ನೂ ಹಾಕಿ ನೋಡಿದ್ದೆವು.
ಹೆಲಿಕಾಪ್ಟರು, ಹಿಮ, ಹೀರೋಗೆ ಹತ್ತು ಜೊತೆ ಬೂಟು.
ಗಿರಾಕಿಗಳು 'ಹೂಂ, ಕಲರ್ ಚೆನ್ನಾಗಿ ಬರ್ತಿದೆ' ಅಂದು
ಚಿಲ್ಲರೆ ಎಣಿಸಿಕೊಂಡು ಹೋದರು.
ಇದರಲ್ಲಿ ತಮ್ಮನಿಗೆ ಹದಿನೇಳು ನಿಮಿಷವೂ ಒಂದೇ ಅಂಗಿ,
ಕಂಕುಳಲ್ಲಿ ಹೊಲಿಗೆ ಬಿಟ್ಟದ್ದು.
ನನ್ನದೂ ಅಲ್ಲೇ ಬಿಟ್ಟಿತ್ತು.
ಕೈ ಎತ್ತದೆ ಕೈಮುಗಿಯಲು ಅವನು ಪಡುತ್ತಿದ್ದ ಪಾಡು
ಉಳಿದವರಿಗೆ ಕಂಡಿತೋ ಇಲ್ಲವೋ.

ಈಗ ಡಿಸ್ಕು ಯಾರಿಗೂ ಬೇಡ. ಚಾರ್ಜರು ಮಾರುತ್ತೇನೆ.
ಮಿಂಟೋದಲ್ಲಿ ಸಾಹೇಬರ ಕಣ್ಣಿನ ಆಪರೇಷನ್ನಾಗಿ
ಪಟ್ಟಿ ಬಿಚ್ಚಿದ ಮೂರನೇ ದಿನ
ಮೊಬೈಲು ಹಿಡಿದು ಗೋರಿಪಾಳ್ಯದ ಮನೆಗೆ ಹೋದೆ.
ಪೂರ್ತಿ ಪಿಕ್ಚರು ಸಿಕ್ಕಿತ್ತು, ಯಾರೋ ಪುಣ್ಯಾತ್ಮ ಹಾಕಿದ್ದ.
ಲಿಫ್ಟು ತೆರೆಯಿತು. ಇಬ್ಬರೂ ಉಸಿರು ಹಿಡಿದೆವು.
ಮುಖ ಒಡೆಯಲಿಲ್ಲ. ಹೆಂಗಸು ಮಾತು ಮುಗಿಸಿದಳು:
'ಈ ವಾಸನೆ... ನನ್ನ ತವರಿನದು.'
ಸಾಹೇಬರು ನನ್ನ ಕಡೆ ನೋಡಿದರು.
ಇಷ್ಟು ವರ್ಷ ಅವಳು ಬಯ್ಯುತ್ತಾಳೆಂದೇ ತಿಳಿದಿದ್ದೆವು.

ಮುಂದಿನದು ಹೇಳಿಕೊಳ್ಳುವಂಥದ್ದಲ್ಲ.
ದುಡ್ಡು ಮುಗಿಯುತ್ತಾ ಬಂದದ್ದು ಕಾಣುತ್ತಿತ್ತು.
ಕೊನೆಗೆ ಎಲ್ಲರೂ ಒಂದೇ ರೂಮಿನಲ್ಲಿ ಸುತ್ತಿ ಸುತ್ತಿ ಓಡಿ
ಆ ಸೋಫಾದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು
ಹಾಗೇ ನಿಂತುಬಿಟ್ಟರು. ಹೆಸರುಗಳು ಬಂದವು.

'ಮೇಕೆ ಎಲ್ಲೋ?' ಅಂದರು ಸಾಹೇಬರು.
ಹಿಂದಕ್ಕೆ ಎಳೆದು ನೋಡಿದೆ. ಅರ್ಧದಿಂದಾಚೆ ಎಲ್ಲೂ ಇಲ್ಲ.
'ಬಾಡಿಗೆ ಮುಗಿದಿರಬೇಕು.'
ಹೊಸ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು,
ಒರೆಸಬಾರದು ಅಂದಿದ್ದರು ಡಾಕ್ಟರು.
'ಮೇಕೆ ಇರೋ ಕಡೆಗೆ ಹಾಕು.'