ಮುಂದಿನ ಹಲ್ಲು

"ಬಾಯಾಗಿಂದ ದಾರ ಕಡೀತೀರೇನು?" ಅಂತ ಕೇಳಿದರು
ಧಾರವಾಡದ ಹಲ್ಲಿನ ಡಾಕ್ಟರು, ದೀಪ ಇಳಿಸಿ.
ಮುಂದಿನ ಹಲ್ಲಿನ ತುದಿ ಸವದೈತಂತ,
ಕನ್ನಡಿ ಹಿಡಿದು ತೋರಿಸಿದರು.
ಬಾಯಿ ತಗದಿತ್ತು, ಹಿಂಗಾಗಿ ಹೇಳಾಕ ಆಗಲಿಲ್ಲ:
ದಾರಾನೂ ಕಡದೈತಿ ಇದು. ಮುತ್ತೂ ಕಡದೈತಿ.

ಗದಗಿನ ಸರಾಫ ಬಜಾರದಾಗ
ಎರಡು ಬಂಗಾರದ ಅಂಗಡಿ ನಡುವಿನ ಸಂದ್ಯಾಗ
ಮೂರು ಮೊಳದ ಕಟ್ಟಿ ನಮ್ಮ ನಾನೀದು.
ಪಟವೇಗಾರ ಜುಲೇಖಾಬಿ ಅಂದರ
ರೋಣ, ಮುಂಡರಗಿ, ಲಕ್ಷ್ಮೇಶ್ವರದ ತನಕ ಗೊತ್ತು.
ಹರಿದ ಸರ ಪೋಣಿಸೂದು, ಗೊಂಡೆ ಕಟ್ಟೂದು,
ಮುತ್ತು ಖರೇನೋ ಸುಳ್ಳೋ ಹೇಳೂದು,
ಅದಕ್ಕ ಬ್ಯಾರೆ ಎಂಟಾಣೆ.

ಕಲಿಸಿದ್ದಳು: ಮುತ್ತು ಮುಂಜಾನಿ ಕೊಡದ ನೀರಿನಂಗ ತಂಪಿರಬೇಕು,
ಅಂಗೈಯಾಗ ಹಿಡದ ಮ್ಯಾಲ ನಿನ್ನ ಬಿಸಿ ಅದರದಾಗಬೇಕು.
ತೂತಿನ ಬಾಯಿ ನೋಡು, ಅಲ್ಲಿ ಬಣ್ಣ ಸುಲದಿದ್ದರ
ಮುಂದ ಮಾತಾಡಬ್ಯಾಡ.
ಎಲ್ಲಾ ಒಂದ ಅಳತಿ, ಒಂದ ಮೈ, ಒಂದ ಹೊಳಪು ಇದ್ದರ
ಕೈ ಮುಗದು ವಾಪಸ ಕೊಡು;
ಸಮುದ್ರಕ್ಕ ಅಷ್ಟು ಛಂದ ಲೆಕ್ಕ ಬರೂದಿಲ್ಲ.
ಕಡೀಕ, ಹಲ್ಲು. ಮುಂದಿನ ಹಲ್ಲಿನ ತುದಿಗೆ ಸವರಿದರ
ಖರೇ ಮುತ್ತು ಮರಳಿನಂಗ ಗರ್ ಅಂತೈತಿ.
ಸುಳ್ಳು ಮುತ್ತು ಜಾರತೈತಿ.

ನಾನಿಗೆ ಹಲ್ಲು ಬಿದ್ದವು. ಕಟ್ಟಿಸಿಕೊಂಡ ಸೆಟ್ ಬಂತು,
ಅದಕ್ಕ ಸುಳ್ಳೂ ಜಾರತಿತ್ತು, ಖರೇದೂ ಜಾರತಿತ್ತು.
"ನನ್ನ ಬಾಯಾಗ ಜಗತ್ತ ಗಾಜಿಂದಾಗೈತಿ ನೋಡು" ಅಂತ
ನಗತಿದ್ದಳು, ಸೆಟ್ ಕೈಯಾಗ ಹಿಡಕೊಂಡು.
ಹಂಗಾಗಿ ಹನ್ನೊಂದನೇ ವಯಸ್ಸಿಗೆ
ಅಂಗಡಿ ಹಲ್ಲು ನಾನಾದೆ.
ಸಾಲಿಯಿಂದ ಬರೂದು, ಪಾಟೀಚೀಲ ಒಗಿಯೂದು,
ಬಾಯಿ ಮುಕ್ಕಳಿಸೂದು, ಕೂಡೂದು.

ಒಂದ ಮಧ್ಯಾಹ್ನ ನರಗುಂದದ ನೀಲಗಂಗವ್ವ ಬಂದಳು,
ಹಿಂದ ಮಗಳು ಶಶಿಕಲಾ.
ಗಂಡಿನ ಕಡಿಯವರು ಹಾಕಿದ ಸರ.
"ಲಗ್ನ ಹದಿನೈದು ದಿನ ಐತಿ. ಮನಸು ಯಾಕೋ ನಂಬವಲ್ದು."
ಕೊರಳಿಂದ ಈಗ ಬಿಚ್ಚಿದ್ದು, ಬೆಚ್ಚಗಿತ್ತು,
ತಂಪಿನ ಪರೀಕ್ಷೆ ಅಲ್ಲೇ ಕೆಟ್ಟಿತು.
ತೂತು ನೋಡಾಕ ನಾನಿ ಕಣ್ಣಾಗ ಪೊರಿ.
ಸರ ನನ್ನ ಕೈಗೆ ಬಂತು.

ಮೊದಲನೇದು ಜಾರಿತು, ಚಹಾದ ಬಸಿ ತುದಿಯಂಗ.
ನಾಲಗಿಗೆ ಪೌಡರು, ಸ್ವಲ್ಪ ಉಪ್ಪು, ಅಕಿ ಬೆವರು.
ಎರಡನೇದು. ಏಳನೇದು. ನಡುವಿನ ದೊಡ್ಡದು.
ತಲಿ ಎತ್ತಿದೆ. ಶಶಿಕಲಾ ನನ್ನನ್ನ ನೋಡಾಕತ್ತಿದ್ದಳು,
ರೆಪ್ಪಿ ಬಡೀದ.
ಏನೋ ಬೇಡಾಕತ್ತಿದ್ದಳು, ಅಷ್ಟು ತಿಳೀತು.
ಖರೇ ಅನ್ನು ಅಂತೋ, ಸುಳ್ಳು ಅನ್ನು ಅಂತೋ,
ಅದು ತಿಳೀಲಿಲ್ಲ.
ಯಾವ ಹಲ್ಲಿಗೆ ಹಚ್ಚಿ ನೋಡಬೇಕಿತ್ತು ಆ ಮಾರಿ?

"ಜಾರತೈತಿ ನಾನಿ" ಅಂದೆ.

ನೀಲಗಂಗವ್ವ ಸೆರಗಿನ ಗಂಟು ಬಿಚ್ಚಿ ಎಂಟಾಣೆ ಇಟ್ಟಳು.
ಶಶಿಕಲಾ ಉಸಿರು ಬಿಟ್ಟಳು. ಉದ್ದಕ ಬಿಟ್ಟಳು.
ಸರ ಹಾಕ್ಕೊಳ್ಳಲಿಲ್ಲ, ಕರ್ಚೀಫಿನಾಗ ಸುತ್ತಿ ಹಿಡಕೊಂಡಳು;
ಸಂದಿ ದಾಟೂವಾಗ ಒಮ್ಮೆ ಹೊಳ್ಳಿ ನೋಡಿದಳು.

ಆ ಲಗ್ನ ಆತೋ ಇಲ್ಲೋ. ನಾ ಕೇಳಿದ್ದಕ್ಕ ನಾನಿ
"ನಮ್ಮ ಕೆಲಸ ಮುತ್ತಿನ ತನಕ" ಅಂದು
ರೇಶ್ಮಿ ಎಳಿಗೆ ಮೇಣ ಹಚ್ಚಿದಳು.
ಹದಿನಾರು ವರ್ಷದ ಮ್ಯಾಲ ಟಾಂಗಾಕೂಟದಾಗ
ಅಕಿ ಹಂಗ ಇದ್ದ ಒಬ್ಬಾಕಿ ನಿಂತಿದ್ದಳು,
ಕೊರಳಾಗ ಮುತ್ತು, ಬಣ್ಣ ಸುಲದು ಗಾಜು ಹೊರಬಿದ್ದದ್ದು.
ನಕ್ಕಂಗಾತು. ನನಗ ಅಲ್ಲ,
ಮಗ್ಗಲದ ಹುಡುಗಗ ಇರಬೇಕು.

"ಒಂದು ಕ್ಯಾಪ್ ಹಾಕಿಬಿಡೂಣು" ಅಂದರು ಡಾಕ್ಟರು,
"ಖರೇ ಹಲ್ಲಿನಂಗ ಇರತದ, ಯಾರಿಗೂ ತಿಳಿಯೂದಿಲ್ಲ."
ಉಗುಳಿ, ಬಾಯಿ ಒರಸಿಕೊಂಡು ಎದ್ದೆ.
ಬ್ಯಾಡ್ರಿ. ಇವತ್ತ ಸಂಜಿಗೆ
ಕೊಪ್ಪಳದಿಂದ ಒಬ್ಬರು ಬರಾವರದಾರ,
ಮೂರೆಳಿ ಸರ ತಗೊಂಡು.