ನೀಲಿ ಹೆಬ್ಬೆರಳು

ಓದುವುದೇ ನನ್ನ ಕೆಲಸ.
ಮನೆಮನೆಯ ಬಾಗಿಲ ಮೇಲೆ ಕತ್ತು ನಿಕ್ಕಿ
ಮಸುಕು ಗಾಜಿನ ಹಿಂದೆ ತಿರುಗುವ ಅಂಕಿ ಓದಿ,
ಬಿಲ್ಲು ಹರಿದು ಕೊಟ್ಟು,
ನಾಯಿಗೆ ಹೆದರಿ,
ಮುಂದಿನ ಬಾಗಿಲು.

ಇನ್ನೊಂದು ಓದು ರಾತ್ರಿಯದು.
ಬೆಂಗಳೂರು ರೋಡಿನ ಹಿಂದುಗಡೆ ಸಂದಿಯಲ್ಲಿ
ಗಾದಿಲಿಂಗಪ್ಪನ ಬಾಡಿಗೆ ಪುಸ್ತಕದಂಗಡಿ,
ದಿನಕ್ಕೆ ಐದು ರೂಪಾಯಿ, ಡಿಪಾಜಿಟ್ಟು ಇನ್ನೂರು.
ಮೂವತ್ತೊಂಬತ್ತರ ಗಂಡಸು
ಹದಿನಾರರ ಹುಡುಗಿಯ ಕತೆ ಕೇಳಿದರೆ
‘ಮಗಳಿಗಾ ಸಾರ್?’ ಅಂತಾನೆ. ‘ಹ್ಞೂಂ’ ಅಂತೀನಿ.
ನನಗೆ ಮಗಳಿಲ್ಲ.
ಅದು ಅವನಿಗೂ ಗೊತ್ತು.

ಒಟ್ಟು ಏಳು ಸಂಪುಟ. ಓರ್ಲಾ ಅಂತ ಒಬ್ಬಳು,
ದಿನಾ ಕೊಡೆ ಮರೆತು ಶಾಲೆಗೆ ಹೋಗುವವಳು,
ಒಂದು ಸಂಜೆ ಬಸ್‌ಸ್ಟಾಪಿನ ಕಂಬಕ್ಕೆ ಒರಗುತ್ತಾಳೆ.
ಕಂಬವೇ ಕದ.
ಒಳಗೆ ಇನ್ನೊಂದು ಊರು: ಅದೇ ರಸ್ತೆ, ಅದೇ ಬೇಕರಿ,
ಆದರೆ ಅಲ್ಲಿ ನೆರಳುಗಳಿಗೆ ಹೆಸರುಂಟು, ಹಸಿವುಂಟು.
ಕಾವಲಿನವರ ಮಣಿಕಟ್ಟಿನಲ್ಲೊಂದು ಗುರುತು,
ಎಲ್ಲರ ಕಣ್ಣಿಗೂ ಬೀಳುವಂಥದಲ್ಲ.

ನನ್ನ ಇಂಗ್ಲಿಷಿಗೆ ಕುಂಟು.
ಗೊತ್ತಿಲ್ಲದ ಪದ ಬಂದರೆ
ಚರಂಡಿಯ ಮೇಲಿನ ಅಲುಗುವ ಚಪ್ಪಡಿ ದಾಟಿದ ಹಾಗೆ
ಕಾಲಿಟ್ಟೂ ಇಡದೆ ದಾಟುತ್ತೇನೆ.
ಅಲ್ಲಿ ಮಂಜು, ಜಿನುಗು ಮಳೆ, ನೆಲದಡಿಯ ರೈಲು.
ಇಲ್ಲಿ ರಾತ್ರಿ ಹನ್ನೊಂದಾದರೂ
ಗುಡ್ಡ ಹಗಲಿನ ಕಾವು ಉಗುಳುತ್ತ ಬಿದ್ದಿದೆ,
ಫ್ಯಾನು ಬಿಸಿಗಾಳಿಯನ್ನೇ ಕಲಸುತ್ತದೆ,
ಪುಟ ತಾನಾಗಿ ಮಗುಚುತ್ತದೆ.

ಎರಡನೆಯದರಲ್ಲಿ ಮೊದಲ ಸಲ ಕಂಡೆ:
ಹಾಳೆಯ ಬಲತುದಿಯಲ್ಲಿ ಒಂದು ನೀಲಿ ಹೆಬ್ಬೆರಳು.
ಪೆನ್ನಿನ ಶಾಯಿಯಲ್ಲ. ಜೀನ್ಸಿನ ಬಣ್ಣ,
ಎಷ್ಟು ತಿಕ್ಕಿದರೂ ಉಗುರು ಬಿಡದಂಥದು.

ನನಗಿಂತ ಮುಂಚೆ ಯಾರೋ ಈ ದಾರಿ ಹಿಡಿದಿದ್ದಾರೆ.
ಸುಮ್ಮನೆ ಮಾತಿರುವ ಕಡೆ ಅಚ್ಚು ತೆಳು,
ಹೊಡೆದಾಟದ ಕಡೆ ಒತ್ತಿ ಮೂಡಿದೆ.
ಮೊದಲ ಮುತ್ತಿನ ಪುಟ ಮಾತ್ರ ಚೊಕ್ಕ.
ಅದಕ್ಕೆ ಕೈ ತೊಳೆದುಕೊಂಡು ಬಂದರೇನೋ.

ಹೀಗೆ ಮೂರನೆಯದೂ ಕಳೆಯಿತು, ಜೊತೆಯಲ್ಲಿ.
ನಾಲ್ಕನೆಯದರ ಇನ್ನೂರ ಹನ್ನೆರಡಕ್ಕೆ
ಓರ್ಲಾಳ ನೆರಳನ್ನು ಕತ್ತರಿಸಿ ಒಯ್ಯುತ್ತಾರೆ,
ಸೇತುವೆಯ ಕೆಳಗೆ ಬಿದ್ದಿದ್ದಾಳೆ ಹುಡುಗಿ,
ಉಸಿರಿನ ಮಾತಿಲ್ಲ.
ಅಲ್ಲಿಗೆ ನೀಲಿ ನಿಂತಿತು.
ಇನ್ನೂರ ಹದಿಮೂರು, ಹದಿನಾಲ್ಕು, ಮುನ್ನೂರು
ಬಿಳಿ, ಬರೀ ಬಿಳಿ.

‘ಯಾರಪ್ಪಾ ಒಯ್ದಿದ್ದು ಇದನ್ನ?’
‘ಹೆಸರು ಯಾರು ಬರಕಂತಾರೆ ಸಾರ್.
ಡಿಪಾಜಿಟ್ಟು ವಾಪಸ್ ಇಸ್ಕಂಡು ಹೋದ್ರು.’

ಮರುದಿನ ನನ್ನ ಸರದಿ ಕೌಲ್ ಬಜಾರು.
ಅಂಕಿ ಬಿಟ್ಟು ಕೈಗಳನ್ನೇ ಓದಿದೆ.
ದಾರ ಕತ್ತರಿಸುತ್ತ ಚಹ ಹಿಡಿದ ಫರ್ಜಾನಾ ಬಿಯ ಹೆಬ್ಬೆರಳು ನೀಲಿ.
ಬಣ್ಣದ ತೊಟ್ಟಿಗೆ ಬಗ್ಗಿದ ಹುಡುಗನದು ನೀಲಿ.
ಇಸ್ತ್ರಿಯ ಎರ್ರಿಸ್ವಾಮಿ ನೀಲಿ,
‘ಏನ್ ಸಾರ್, ಇಷ್ಟೊಂದು ಯೂನಿಟ್ಟಾ!’ ಅಂತ
ಬಿಲ್ಲು ಹಿಡಿದ ಮಾಲೀಕನೂ ನೀಲಿ.
ಇಡೀ ಓಣಿ ಕಾವಲಿನವರೇ.
ಯಾರನ್ನಂತ ಕೇಳಲಿ?

ಕೊನೆಯ ಶೆಡ್ಡಿಗೆ ಬೀಗ.
ಹೊರಗಿನ ಮೀಟರಿನಲ್ಲಿ ಹೋದ ತಿಂಗಳ ಅಂಕಿಯೇ ಈ ತಿಂಗಳೂ,
ಅರ್ಧಕ್ಕೆ ಮಡಚಿಟ್ಟ ಹಾಳೆಯ ಹಾಗೆ.
ಇನ್ನೂರ ಹನ್ನೆರಡಲ್ಲ,
ಅಂಥದೆಲ್ಲ ಪುಸ್ತಕದಲ್ಲಷ್ಟೇ ಆಗುತ್ತದೆ.
ಬೀಗದ ಹತ್ತಿರ, ಕದದ ಸುಣ್ಣದ ಮೇಲೆ
ಒಂದರ ಮೇಲೊಂದು ಎಷ್ಟೋ ಬೆರಳು.

ವಾಪಸು ಕೊಡುವ ಮುನ್ನ
ಇನ್ನೂರ ಹದಿಮೂರರ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದೆ, ಕನ್ನಡದಲ್ಲೇ:
ಸತ್ತಿಲ್ಲ. ಇನ್ನೂರ ನಲವತ್ತಕ್ಕೆ ಏಳುತ್ತಾಳೆ. ಓದಿ.

ಐದನೆಯದು ಹೊಸದು, ಬೆನ್ನೂ ಮುರಿದಿಲ್ಲ.
ಮುಂದೆ ಯಾರೂ ನಡೆದಿಲ್ಲದ ರಸ್ತೆ.
ಬೆಳಿಗ್ಗೆ ಹೋಟೆಲಿನ ಬೆಂಚಿನಲ್ಲಿ
ಒಗ್ಗರಣೆ ಮಂಡಕ್ಕಿ ತಿನ್ನುತ್ತ, ಮಿರ್ಚಿ ಕಚ್ಚುತ್ತ
ತೆರೆದೇಬಿಟ್ಟೆ.
ಕೈ ತೊಳೆಯಲು ಎದ್ದವನು ಮತ್ತೆ ಕೂತೆ.
ಮೊದಲ ಪುಟದ ಬಲತುದಿಗೆ ಒತ್ತಿದೆ
ಎಣ್ಣೆ ಅರಿಶಿನದ
ಹಳದಿ ಹೆಬ್ಬೆರಳು.