ತೂಕದ ಚೀಟಿ

ಚಾದ ಗ್ಲಾಸು ಗಾಳ್ಯಾಗ ಇಟ್ಟೆ.
ಇಟ್ಟೆ ಅಂದ್ರ, ಬಿಟ್ಟೆ.
ಹದಿನಾಕು ತಿಂಗಳ ರೂಢಿಯ ಕೈ, ಅದಕ್ಕೇನು ಗೊತ್ತು.
ಒಡದ ಸದ್ದಿಗೆ ಕೆಫೆಟೇರಿಯಾದ ಮಂದಿ ಎಲ್ಲಾ ತಿರುಗಿ ನೋಡಿದ್ರು.
ಗಲ್ಲಾದಾಗ ಕುಂತಿದ್ದ ಉಪ್ಪಿನಂಗಡಿಯ ಮೊಯ್ದೀನಬ್ಬ ಮಾತ್ರ
ಪೊರಕೆ ಹಿಡಕೊಂಡು ಬಂದ:
"ಮೇಲಿಂದ ಬಂದವರದ್ದು ಈ ವಾರ ಇದು ಐದನೇದು ಮಾರಾಯ್ರೆ,
ಲೆಕ್ಕಕ್ಕೆ ಬರೆಯುದಿಲ್ಲ, ಕೂತ್ಕೊಳ್ಳಿ."

ರಾಸ್ ಅಲ್ ಖೈಮಾದ ಬೆಟ್ಟದ ಬುಡಕ್ಕ
ಕಲ್ಲು ಕ್ವಾರಿ ಮುಗಿಯೋ ಕಡೆ ನಮ್ಮ ಕ್ಯಾಂಪು.
ಇಲ್ಲಿ ನಮಗ ಭಾರ ಕಲಿಸ್ತಾರ.
ಮರಿವಿಕ್ ಅನ್ನೋ ಮನಿಲಾದ ಹುಡುಗಿ
ಅಕ್ಕಿ ಚೀಲ ಎದಿಗೆ ಅವಚಿಸಿ ಮೆಟ್ಟಲ ಹತ್ತಿಸ್ತಾಳ,
ವಾಹದ್, ಇತ್ನೇನ್, ಮೂರು.
ಮೂರು ಅನ್ನೋದು ನಾನ ಕಲಿಸೀನಿ.
ಮೊಣಕಾಲು ನಡಗ್ತಾವ. ಎಲುಬು ಹಪ್ಪಳ ಆಗ್ಯಾವಂತ.

ಪಾಸ್‌ಪೋರ್ಟಿನಾಗ ಹುಸೇನಪ್ಪ, ತಂದಿ ದುರುಗಪ್ಪ.
ಕೌಂಟರಿನವರು ಅರ್ಧ ಹೆಸರು ಓದಿ ಸಲಾಮು ಹೇಳ್ತಾರ,
ಇನ್ನರ್ಧ ಓದಿ ಹುಬ್ಬು ಏರಿಸ್ತಾರ.
ಮ್ಯಾಲ ಆ ತ್ರಾಸು ಇರಲಿಲ್ಲ.
ಅಲ್ಲಿ ನಾನು ಏಳನೇ ಹಗ್ಗ.

ಕಲ್ಲಿಗೆ ಮೊಳಿ ಬಡದು, ಹಗ್ಗ ಬಿಗದು,
ಆಮ್ಯಾಲ ಡ್ರಿಲ್ಲಿನ ಗುಂಡಿ ಒತ್ತಬೇಕು.
ಹಟ್ಟಿಯ ಗಣ್ಯಾಗ ಡ್ರಿಲ್ಲನ್ನ ನಾವು ನೂಕತಿದ್ವಿ.
ಅಲ್ಲಿ ಡ್ರಿಲ್ಲು ನಮ್ಮನ್ನ ನೂಕತೈತಿ,
ಕರೀದ ಬಂದ ನೆಂಟರನ್ನ ನೂಕಿದಂಗ.
ಎದ್ದ ಧೂಳು ಕೂಡಂಗಿಲ್ಲ,
ನಿನ್ನಿ ಧೂಳಿನಾಗ ಇವತ್ತಿನ ಪಾಳಿ.
ಒಳಗ ಬಂದು ಟೊಪ್ಪಿಗಿ ತಗದ್ರ ಸಿಡಿಮದ್ದಿನ ವಾಸನಿ.
ಅಪ್ಪನ ಅಂಗಿ ವಾಸನಿ ಅದು,
ರಾತ್ರಿ ಪಾಳಿ ಮುಗಿಸಿ ಗೂಟಕ್ಕ ಹಾಕಿದ ಅಂಗಿ.
ಅಷ್ಟು ದೂರ ಹೋಗಿ ಅದನ್ನ ಮೂಸಿಕೋತ ನಿಂತೆ.
ನಿಂತೆ ಅನ್ನೋದೂ ಸುಳ್ಳು.

ಕೂಲಿ, ಕಿಲೋದ ಲೆಕ್ಕ.
ಕರಾರು ಓದಿದಾಗ ನಗು ಬಂತು,
ತೂಕ ಇಲ್ಲದ ಊರಾಗ ತೂಕಕ್ಕ ಕೂಲಿ!
ಹೆಂಗಂತ ತೋರಿಸಿದಾಂವ ಪ್ರೇಮಲಾಲ ಥಾಪಾ.
ಅದಿರಿನ ಡಬ್ಬಿ ಎರಡು ಸ್ಪ್ರಿಂಗಿನ ನಡುವ ಸಿಗಿಸಿ
ಒಮ್ಮೆ ಜಗ್ಗಿ ಬಿಡೋದು.
ಹಗುರ ಇದ್ದದ್ದು ಚಡಪಡಸ್ತೈತಿ.
ಭಾರ ಇದ್ದದ್ದು ದಿನ ತುಂಬಿದ ಬಸುರಿ ಹಂಗ
ನಿಧಾನ ಹೋಗಿ
ನಿಧಾನ ಬರ್ತೈತಿ.
ತೂಗಾಟ ಎಣಿಸಿ ಯಂತ್ರ ಚೀಟಿ ಉಗಳ್ತೈತಿ.
ಥಾಪಾಗ ಹೇಳಿದೆ: ನಮ್ಮ ಮಾತಿನಾಗ
ತಕ್ಕಡಿ ತೂಗೋದೂ ತೂಗೋದ,
ತೊಟ್ಟಿಲ ತೂಗೋದೂ ತೂಗೋದ,
ನಮ್ಮ ಹಿರ್ಯಾರಿಗೆ ಇದು ಮೊದಲ ಗೊತ್ತಿತ್ತೇನೋ.
ಆತ ಚೀಟಿ ನೋಡ್ತಿದ್ದ. ಹನ್ನೆರಡು ಕಿಲೋ ಕಡಿಮಿ ಬಂದಿತ್ತು.

ಕೂಳಿಗೆ ದಂಡ, ಭೂಮಿಗೆ ಭಾರ
ಅಂತ ಸೋದರಮಾವ ನಾ ಸಣ್ಣಾಂವ ಇದ್ದಾಗಿಂದ ಬೈದಾನ.
ಹದಿನಾಕು ತಿಂಗಳು ಭೂಮಿಗೆ ಭಾರ ಇರಲಿಲ್ಲ ಮಾವ,
ಅಂತ ಫೋನ್ ಹಚ್ಚಿ ಹೇಳಬೇಕು.
ಕೂಳಿನ ದಂಡ ಕಂಪನಿ ಪಗಾರದಾಗ ಹಿಡದೈತಿ,
ನೀರಿಗೊಂದು ಬಿಲ್ಲು, ಉಸಿರಿಗೊಂದು.

ಮೂರನೇ ಹಗ್ಗ ಗುಲ್ ಜಮಾನ್.
ಮೊಳಿ ಕಿತ್ತಿತು.
ಬಿದ್ದ ಅನ್ನಾಕ ಬರಂಗಿಲ್ಲ,
ಬೀಳಾಕ ಅಲ್ಲಿ ಕೆಳಗ ಅನ್ನೋದ ಇಲ್ಲ.
ಕೈ ಚಾಚಿದಾಂವ ಚಾಚಿದಂಗ
ಸಣ್ಣಾಗಿ, ಸಣ್ಣಾಗಿ
ಒಂದು ಚುಕ್ಕಿ ಯಾವುದು, ಅಂವ ಯಾವುದು, ತಿಳೀಲಿಲ್ಲ.
ಅವತ್ತಿನ ಅವನ ಡಬ್ಬಿ ಥಾಪಾನ ತೂಗಿದ.
ಚೀಟಿ ಯಾರ ಹೆಸರಿಗೆ ಅಂತ ಯಂತ್ರ ಕೇಳಿತು.

ಅದಕ್ಕ ಗ್ಲಾಸು ಒಡದಾಗ ನಾ ನಾಚಿಕೊಳ್ಳಲಿಲ್ಲ.
ಬಿಟ್ಟದ್ದು ಬಿತ್ತು. ಕಾಲ ಬುಡದಾಗ ಸಿಕ್ಕಿತು.

ಶುಕ್ರವಾರ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ.
ಬಲೂಚಿ ಮುದುಕ ಅಂಜಲು ಎತ್ತಿ ತಕ್ಕಡಿಗೆ ಒಗದ.
ಮುಳ್ಳು ತೂಗಾಡಿ, ತೂಗಾಡಿ, ನಾಕೂವರಿಗೆ ನಿಂತಿತು.
ಕೊಳ್ಳಾಂವಲ್ಲ, ಒಮ್ಮೆ ಹಿಡೀಲೇನು ಅಂತ ಕೇಳಿದೆ.
ಆತ ನನ್ನ ಮಣಿಕಟ್ಟಿನ ಕ್ಯಾಂಪಿನ ಪಟ್ಟಿ ನೋಡಿ
ಏನೂ ಅನ್ನಲಾರದ ಎರಡೂ ಕೈಮ್ಯಾಲ ಇಟ್ಟ.
ತಣ್ಣಗಿತ್ತು. ಜಾರತಿತ್ತು. ಕೆಳಗ ಜಗ್ಗತಿತ್ತು.
ತೋಳು ಸೋಲೋತನಕ ಹಿಡಕೊಂಡ ನಿಂತಿದ್ದೆ.
ಹಿಂದಿನ ಗಿರಾಕಿಗಳು ಬೈಯಾಕ ಹತ್ತಿದ್ರು.